ಅಮ್ಮನ ಮೂಗುಬಟ್ಟಿನ ಕಾಗೆಕಾಲು

ವಜ್ರ ಸವೆಯುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸವೆಯುತ್ತದೆ. ನಾನೇ ಸವೆಸಿದ್ದೇನೆ, ಇದೇ ಕೈಯಲ್ಲಿ. ವಜ್ರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಸಾಣೆ ಚಕ್ರಕ್ಕೆ ಬಳಿದು, ತಿರುಗುವ ಚಕ್ರದ ಮೇಲೆ ಹರಳನ್ನು ಒತ್ತಿ ಹಿಡಿದು ಕೂತರೆ ನಿಧಾನಕ್ಕೆ ಒಂದು ಮುಖ ಮೂಡುತ್ತದೆ. ಮುಖ ಮೂಡಿದಷ್ಟೂ ಹರಳು ಕಡಿಮೆಯಾಗಿರುತ್ತದೆ. ಕಡಿಮೆಯಾದದ್ದು ಎಲ್ಲಿಗೆ ಹೋಯಿತು ಎಂದು ಯಾರಾದರೂ ಕೇಳಿದರೆ ಚಕ್ರದ ಮೇಲಿನ ಕಪ್ಪು ಜಿಡ್ಡನ್ನು ತೋರಿಸಬಹುದು, ಅಷ್ಟೇ. ಇಷ್ಟು ಸಣ್ಣ ಮಾತನ್ನು ಒಂದು ಮನೆಯವರಿಗೆ ನಂಬಿಸಲು ನನ್ನಿಂದ ಆಗಲಿಲ್ಲ. ಅದರಿಂದ ನನ್ನ ಅಕ್ಕನ ಸಂಸಾರ ಮುರಿಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಪಿಯುಸಿಯಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ. ಅಪ್ಪ ಮಿಲ್ಲಿನಿಂದ ಬಂದು ನನ್ನ ಮುಖ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಅಮ್ಮ ನಿಟ್ಟುಸಿರು ಬಿಡುವ ಪೈಕಿ ಅಲ್ಲ. "ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು ಕಣೇ" ಎಂದು ತಟ್ಟೆಗೆ ಮುದ್ದೆ ಹಾಕುವಾಗಲೇ ಹೇಳುತ್ತಿದ್ದಳು. ಎದುರು ಮನೆಯವರೊಬ್ಬರು ಹೇಳಿ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನಗೊಂದು ಕೆಲಸ ಸಿಕ್ಕಿತು. ಒಂದು ಲೇತ್ ವರ್ಕ್‌ಶಾಪಿಗೂ ಒಂದು ಪ್ರೆಸ್ಸಿಗೂ ನಡುವೆ ಬೋರ್ಡಿಲ್ಲದ ಶೆಡ್ಡು. ಒಳಗೆ ವಜ್ರಕ್ಕೆ ಸಾಣೆ ಹಿಡಿಯುತ್ತಿದ್ದರು. ವಜ್ರ ಎಂದು ಬೋರ್ಡು ಬರೆಸುವಷ್ಟು ದಡ್ಡರಾಗಿರಲಿಲ್ಲ ಮಾಲೀಕರು.

ವಜ್ರ ಎಂದರೆ ಏನೋ ಎಂದುಕೊಂಡು ಹೋದವಳಿಗೆ ಮೊದಲ ದಿನ ತೋರಿಸಿದ್ದು ಕ್ಷೌರದಂಗಡಿಯ ಪಟಿಕದ ಚೂರಿನಂಥ ಮಂಕು ಕಲ್ಲುಗಳನ್ನು. ದಾರಿಯಲ್ಲಿ ಬಿದ್ದಿದ್ದರೆ ಚಪ್ಪಲಿಯಲ್ಲಿ ಒದ್ದು ಹೋಗುತ್ತಿದ್ದೆ. ಕೆಲಸ ಕಲಿಸಿದವರು ತಿರುಚ್ಚಿ ಕಡೆಯ ಮೇಸ್ತ್ರಿ. ಮುಂಗೋಪಿ. ಅವರು ಹೇಳಿಕೊಟ್ಟ ಮೊದಲ ಪಾಠ ಕಣ್ಣಿನದಲ್ಲ, ಕಿವಿಯದು. ಮರಕ್ಕೆ ಎಳೆ ಇರುವ ಹಾಗೆ ವಜ್ರಕ್ಕೂ ಒಂದು ಎಳೆ ಇರುತ್ತದೆ. ಎಳೆ ನೋಡಿ ಹಿಡಿದರೆ ಚಕ್ರದ ಮೇಲೆ ಹರಳು ಸಣ್ಣಗೆ ಗುಂಯ್‌ಗುಡುತ್ತದೆ, ಸವೆಯುತ್ತದೆ. ಎಳೆಗೆ ಎದುರಾಗಿ ಹಿಡಿದರೆ ಕಿರುಚುತ್ತದೆ, ಒಂದು ಕೂದಲೆಳೆಯಷ್ಟೂ ಬಿಟ್ಟುಕೊಡುವುದಿಲ್ಲ, ಚಕ್ರವೇ ಹಾಳಾಗುತ್ತದೆ. ನಾನು ತಿಂಗಳುಗಟ್ಟಲೆ ಕಿರುಚಿಸಿದೆ. ಪ್ರತಿ ಸಲವೂ ಮೇಸ್ತ್ರಿ ಶೆಡ್ಡಿನ ಆ ತುದಿಯಿಂದ "ಏನಮ್ಮಾ, ಬೆಕ್ಕಿನ ಬಾಲ ತುಳಿದ್ಯಾ?" ಎಂದು ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನನಗೆ ಅಳು ಬರುತ್ತಿತ್ತು, ಹಟವೂ ಬರುತ್ತಿತ್ತು.

ಒಂದು ದಿನ ನಾನು ಅವರನ್ನೇ ಕೇಳಿದೆ, ಇಷ್ಟೆಲ್ಲ ಒದ್ದಾಡಿ ಕೊನೆಗೆ ಸಿಗೋದು ಹೊಳಪು ತಾನೇ ಮೇಸ್ತ್ರಿ ಎಂದು. ಅವರಿಗೆ ಕೋಪವೇ ಬಂತು. "ಹೊಳಪು ಕೊಡೋಕೆ ಹಿತ್ತಾಳೆ ಚೊಂಬಾ ಇದು? ಮೇಲಿಂದ ಬೆಳಕು ಒಳಗೆ ಹೋಗುತ್ತೆ. ತಳದ ಮುಖಗಳು ಸರಿಯಾದ ಓರೆಯಲ್ಲಿದ್ರೆ ಅಲ್ಲಿ ಬಡಿದು ಮತ್ತೆ ಮೇಲಕ್ಕೇ ಬರುತ್ತೆ. ಓರೆ ತಪ್ಪಿದ್ರೆ ಹಿಂದಿನಿಂದ ಸೋರಿ ಹೋಗುತ್ತೆ. ಒಳಗೆ ಬಂದ ಬೆಳಕು ಓಡಿಹೋಗ್ದೆ ಇರೋ ಹಾಗೆ ಬಾಗಿಲು ಹಾಕೋದು ನಮ್ಮ ಕೆಲಸ" ಎಂದರು. ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಪುಸ್ತಕದಲ್ಲಿ ಓದಿದ್ದು ಯಾವುದೂ ನನ್ನ ತಲೆಗೆ ಹಾಗೆ ಹತ್ತಿರಲಿಲ್ಲ. ಬರಬರುತ್ತಾ ನನ್ನ ಹರಳುಗಳು ಕಿರುಚುವುದನ್ನು ಬಿಟ್ಟವು.

ಸಂಜೆ ಮನೆಗೆ ಹೊರಡುವಾಗ ಗೇಟಿನ ಹತ್ತಿರ ಒಬ್ಬಾಕೆ ನಮ್ಮನ್ನೆಲ್ಲ ತಪಾಸಣೆ ಮಾಡುತ್ತಿದ್ದಳು. ಜಡೆ ಬಿಚ್ಚಿಸಿ ಬೆರಳಾಡಿಸುವುದು, ಉಗುರು ನೋಡುವುದು, ಸೆರಗಿನ ಗಂಟು, ಊಟದ ಡಬ್ಬಿ. ಸಾಸಿವೆ ಕಾಳಿನಷ್ಟು ವಸ್ತುವನ್ನು ಎಲ್ಲಿ ಬೇಕಾದರೂ ಬಚ್ಚಿಡಬಹುದಲ್ಲ. ಮೊದಮೊದಲು ಅವಮಾನವೆನಿಸುತ್ತಿತ್ತು. ಆಮೇಲೆ ಅದು ನನಗೊಂದು ಹೆಮ್ಮೆಯೇ ಆಯಿತು. ದಿನಾ ಹುಡುಕುತ್ತಾರೆ, ದಿನಾ ಏನೂ ಸಿಗುವುದಿಲ್ಲ. ಇಡೀ ರಾಜಾಜಿನಗರದಲ್ಲಿ ಇಷ್ಟು ಖಾತ್ರಿಯಾಗಿ ಪ್ರಾಮಾಣಿಕಳು ಎನಿಸಿಕೊಂಡು ಮನೆಗೆ ಹೋಗುವವರು ಯಾರಿದ್ದಾರೆ ಎಂದು ಜಡೆ ಹೆಣೆದುಕೊಳ್ಳುತ್ತಾ ಅಂದುಕೊಳ್ಳುತ್ತಿದ್ದೆ.

ಈಗ ಅಕ್ಕನ ವಿಷಯ. ಅಕ್ಕ ಯಾರು ಏನು ಹೇಳಿದರೂ ನಂಬುವವಳು. ಚಿಕ್ಕವರಿದ್ದಾಗ, ಹುಣಿಸೆ ಬೀಜ ನುಂಗಿದರೆ ಹೊಟ್ಟೆಯಲ್ಲಿ ಮರ ಬೆಳೆಯುತ್ತದೆ ಎಂದು ನಾನು ಹೇಳಿದ್ದಕ್ಕೆ ಊಟ ಬಿಟ್ಟು ಅತ್ತಿದ್ದಳು. ನಾನು ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡ ಮೇಲೂ ಎಷ್ಟೋ ದಿನ ಹೊಟ್ಟೆ ಮುಟ್ಟಿಕೊಂಡು ನೋಡುತ್ತಿದ್ದಳು. ಅವಳನ್ನು ಬಸವೇಶ್ವರನಗರದ ಒಂದು ಮನೆಗೆ ಕೊಟ್ಟಿದ್ದೆವು. ಮೊಸಾಯಿಕ್ ನೆಲದ ಹೊಸ ಮನೆ, ಭಾವನಿಗೆ ಸರ್ಕಾರಿ ಕೆಲಸ, ಸಂಜೆಯಾದರೆ ಅಕ್ಕಪಕ್ಕದವರೆಲ್ಲ ಬಂದು ಕೂರುವಂತೆ ಟಿವಿ. ನಮ್ಮ ಕೈಯಲ್ಲಿ ಕೊಡಲು ಹೆಚ್ಚೇನೂ ಇರಲಿಲ್ಲ. ಅಮ್ಮ ತನ್ನ ಮೂಗಿನಿಂದ ವಜ್ರದ ಮೂಗುಬಟ್ಟನ್ನು ಬಿಚ್ಚಿ ಅಕ್ಕನಿಗೆ ಇಟ್ಟಳು. ಅದು ಅಜ್ಜಿಯದು, ಉದ್ದಿನಕಾಳಿನಷ್ಟು ದಪ್ಪದ ಒಂಟಿ ಹರಳು. ನಮ್ಮ ಮನೆಯಲ್ಲಿ ಬೆಲೆಬಾಳುವುದು ಅಂತ ಇದ್ದದ್ದು ಅದೊಂದೇ.

ಮದುವೆಯಾದ ಮೇಲೆ ಅಕ್ಕನಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಎರಡನೆಯ ಸಲ ಆದ ಮೇಲೆ ಅವಳ ಅತ್ತೆ ಮನೆಯಲ್ಲಿದ್ದ ಒಂದೊಂದೇ ವಸ್ತುವಿನ ಮೇಲೆ ಕಣ್ಣು ಹಾಯಿಸುತ್ತಾ ಬಂದು ಕೊನೆಗೆ ಅಕ್ಕನ ಮೂಗಿನ ಮೇಲೆ ನಿಲ್ಲಿಸಿದರು. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎಂಬುದು ನಮ್ಮ ಕಡೆ ಹಳೆಯ ನಂಬಿಕೆ. ಕೊಳ್ಳುವ ಮೊದಲು ಹರಳನ್ನು ಬಟ್ಟೆಯಲ್ಲಿ ಕಟ್ಟಿ ಮನೆಯಲ್ಲಿಟ್ಟು ನೋಡುವವರಿದ್ದಾರೆ. ಕೆಟ್ಟ ಕನಸು ಬಿದ್ದರೆ ಅಂಗಡಿಗೆ ವಾಪಸು. ಅಕ್ಕನ ಅತ್ತೆ ಮೂಗುಬಟ್ಟನ್ನು ಬಿಚ್ಚಿಸಿಕೊಂಡು ಮಲ್ಲತ್ತಹಳ್ಳಿಯ ಕಡೆ ಶಾಸ್ತ್ರ ಹೇಳುವ ಒಬ್ಬರಿಗೆ ತೋರಿಸಿದರು. ಅವರು ಭೂತಗನ್ನಡಿ ಹಿಡಿದು ನೋಡಿ, ಇದರಲ್ಲಿ ಕಾಕಪಾದವಿದೆ ಎಂದರಂತೆ. ಹರಳಿನ ಒಳಗೆ ಕಾಗೆಯ ಕಾಲಿನ ಆಕಾರದ ಕಪ್ಪು ಕಲೆ. ಹಾಕಿಕೊಂಡವಳಿಗೆ ಸಂತಾನ ನಿಲ್ಲುವುದಿಲ್ಲ. ಅದೇ ಹರಳು ಹಾಕಿಕೊಂಡೇ ನಮ್ಮಜ್ಜಿ ಒಂದು ಅಂಗಳದ ತುಂಬ ಮಕ್ಕಳನ್ನು ಹೆತ್ತಿದ್ದಳು ಎಂಬುದನ್ನು ಯಾರೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಬಟ್ಟೆಯ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಮೂಗಿನಲ್ಲಿ ಬಟ್ಟಿನ ಬದಲು ಕಡ್ಡಿಪೊರಕೆಯ ಒಂದು ಚೂರು. ಮೂಗುಬಟ್ಟು ತೆಗೆದಾಗ ತೂತು ಮುಚ್ಚಿಕೊಳ್ಳದಿರಲಿ ಎಂದು ಹೆಂಗಸರು ಹಾಗೆ ಕಡ್ಡಿ ಸಿಕ್ಕಿಸಿಕೊಳ್ಳುತ್ತಾರೆ. ಅಮ್ಮ ಅವಳ ಗಲ್ಲ ಹಿಡಿದು ಮುಖ ಎತ್ತಿ ನೋಡಿದಳು.

"ಏನೇ ಇದು? ಮೂಗುಬಟ್ಟು ಎಲ್ಲೇ?"

ಅಕ್ಕ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. "ಕಾಗೆಕಾಲು ಇದ್ಯಂತಮ್ಮ. ತೌರಿನೋರು ಕೊಟ್ಟ ದೋಷಾನ ತೌರಿನೋರೇ ತೆಗೀಬೇಕಂತೆ. ನಿನ್ನ ತಂಗಿ ವಜ್ರದ ಕೆಲಸಕ್ಕೇ ಹೋಗ್ತಾಳಲ್ಲ, ತಿಕ್ಕಿಸ್ಕೊಂಡು ಬಾ, ಅಲ್ಲೀವರ್ಗೂ ಇಲ್ಲಿಗೆ ಬರ್ಬೇಡ ಅಂದ್ರು ಅತ್ತೆ."

ಹೇಳುವಾಗ ಅವಳಿಗೆ ಅವಮಾನವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಒಂದು ಉಪಾಯ ಸಿಕ್ಕಿತಲ್ಲ ಎಂಬ ಸಮಾಧಾನ ಇತ್ತು. ನನಗೆ ಅವಳ ಕೆನ್ನೆಗೆ ಬಾರಿಸಬೇಕು ಎನ್ನಿಸಿತು, ತಬ್ಬಿಕೊಂಡು ಅಳಬೇಕು ಎಂದೂ ಎನ್ನಿಸಿತು. ಎರಡನ್ನೂ ಮಾಡದೆ ಮೂಗುಬಟ್ಟು ಇಸಿದುಕೊಂಡೆ.

ಹೊರಗಿನ ಕಲ್ಲನ್ನು ಶೆಡ್ಡಿನೊಳಕ್ಕೆ ತರುವ ಹಾಗಿರಲಿಲ್ಲ. ಮೇಸ್ತ್ರಿ ಮಾಲೀಕರ ಹತ್ತಿರ ಮಾತಾಡಿ ಒಪ್ಪಿಗೆ ಕೊಡಿಸಿದರು. ಅಕ್ಕಸಾಲಿಯಿಂದ ಬಿಡಿಸಿ ತಂದ ಹರಳನ್ನು ಅವರು ಭೂತಗನ್ನಡಿಯಲ್ಲಿ ಎಲ್ಲ ಮಗ್ಗುಲಿನಿಂದಲೂ ನೋಡಿದರು. ಆಮೇಲೆ, "ಕಲೆ ಮೇಲಿಲ್ಲಮ್ಮಾ, ಹೊಟ್ಟೆ ಒಳಗಿದೆ. ತೆಗೀಬೇಕಂದ್ರೆ ಅಲ್ಲೀವರೆಗೂ ಕಲ್ಲು ಸವೀಬೇಕು. ಅರ್ಧಕ್ಕಿಂತ ಜಾಸ್ತಿ ಹೋಗುತ್ತೆ. ಸುಮ್ಮನೆ ಹಾಕ್ಕೊಂಡಿರೋಕೆ ಹೇಳು" ಎಂದರು.

ಈ ಮಾತನ್ನು ಹೇಳಲು ನಾನೇ ಬಸವೇಶ್ವರನಗರಕ್ಕೆ ಹೋದೆ. ಅಕ್ಕನ ಅತ್ತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಕಲೆ ತೆಗೆದರೆ ಹರಳು ತುಂಬ ಚಿಕ್ಕದಾಗುತ್ತದೆ ಎಂದೆ. ಅವರು ನಕ್ಕರು, ಕೆಟ್ಟದಾಗೇನೂ ಅಲ್ಲ, ಮಗುವಿನ ಮಾತಿಗೆ ನಗುವ ಹಾಗೆ.

"ವಜ್ರ ಎಲ್ಲಾದ್ರೂ ಸವೆಯುತ್ತೇನಮ್ಮಾ? ಲೋಕದಲ್ಲಿರೋದ್ರಲ್ಲೆಲ್ಲ ಗಟ್ಟಿ ಅದು. ಚೆನ್ನಾಗಿ ತಿಕ್ಕು, ಕಪ್ಪು ಹೋಗುತ್ತೆ."

ವಜ್ರದಿಂದಲೇ ವಜ್ರವನ್ನು ಸವೆಸುತ್ತೇವೆ ಎಂದು ಮತ್ತೆ ಬಿಡಿಸಿ ಹೇಳಿದೆ. ಆಯ್ತಮ್ಮಾ ಆಯ್ತು ಎಂದು ಒಂದು ಲೋಟ ಕಾಫಿ ಕೊಟ್ಟು ಕಳಿಸಿದರು. ಹೇಳುವುದನ್ನು ಹೇಳಿದ್ದೇನಲ್ಲ ಎಂದುಕೊಂಡು ಬಂದೆ. ಅಕ್ಕನನ್ನೂ ಕೇಳಿದೆ. "ಚಿಕ್ಕದಾದ್ರೆ ಆಗ್ಲಿ ಕಣೇ, ಕಾಗೆಕಾಲು ಹೋದ್ರೆ ಸಾಕು" ಎಂದಳು. ಅಮ್ಮ ಮಾತ್ರ ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದಳು. ಅವಳ ತಾಯಿಯ ಹರಳು ಅದು.

ಊಟದ ಬಿಡುವಿನಲ್ಲಿ, ಶೆಡ್ಡಿನವರೆಲ್ಲ ಡಬ್ಬಿ ಬಿಚ್ಚಿಕೊಂಡು ಹೊರಗೆ ಮರದ ಕೆಳಗೆ ಕೂತಾಗ, ನಾನು ಅಜ್ಜಿಯ ಹರಳನ್ನು ಹಿಡಿಕೆಗೆ ಸಿಕ್ಕಿಸಿ ಚಕ್ರದ ಮುಂದೆ ಕೂರುತ್ತಿದ್ದೆ. ಎಳೆ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಳೆಯ ಕಾಲದ ಯಾರೋ ಸಾಣೆಯವನು ಅದನ್ನು ಒರಟಾಗಿ, ತಳ ಚಪ್ಪಟೆಯಾಗಿ ಬಿಟ್ಟಿದ್ದ. ಅಮ್ಮ ಅಷ್ಟು ಹೆಮ್ಮೆಪಡುತ್ತಿದ್ದ ಹೊಳಪಿನ ಅರ್ಧಭಾಗ ಹಿಂದಿನಿಂದ ಸೋರಿಹೋಗುತ್ತಿತ್ತು. ನಾನು ಒಂದೊಂದೇ ಮುಖ ತಿದ್ದುತ್ತಾ ಒಳಗೆ ಇಳಿದೆ. ದಿನಾ ಭೂತಗನ್ನಡಿಯಲ್ಲಿ ನೋಡಿದಾಗ ಕಾಗೆಕಾಲು ಇನ್ನಷ್ಟು ಹತ್ತಿರ ಬಂದಿರುತ್ತಿತ್ತು. ಮೊದಲು ಒಂದು ಬೆರಳು ಹೋಯಿತು. ಆಮೇಲೆ ಮಿಕ್ಕವು. ಕೊನೆಗೆ ಉಳಿದ ಒಂದು ಚುಕ್ಕೆ, ಒಂದು ಮಧ್ಯಾಹ್ನ, ನೋಡುತ್ತಿದ್ದ ಹಾಗೆ ಇಲ್ಲವಾಯಿತು. ಚಕ್ರದ ಮೇಲಿದ್ದ ಕಪ್ಪು ಜಿಡ್ಡನ್ನು ಬಟ್ಟೆಯಲ್ಲಿ ಒರೆಸಿದೆ. ಆ ಬಟ್ಟೆಯಲ್ಲಿದ್ದದ್ದು ನಮ್ಮಜ್ಜಿಯ ಹರಳಿನ ಹೆಚ್ಚಿನ ಪಾಲು.

ಉಳಿದದ್ದು ಸಾಸಿವೆ ಕಾಳಿಗಿಂತ ಒಂಚೂರು ದೊಡ್ಡದು. ಮೇಸ್ತ್ರಿ ಅದನ್ನು ಬಾಗಿಲ ಹತ್ತಿರ ಒಯ್ದು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವರ ಬಾಯಿಂದ ಹೊಗಳಿಕೆ ಬರುವುದೆಂದರೆ ಕತ್ತೆಗೆ ಕೊಂಬು ಬಂದ ಹಾಗೆ. "ಬಾಗಿಲು ಹಾಕಿದೀಯ" ಎಂದಷ್ಟೇ ಅಂದರು. ಅಂಥ ಕೆಲಸವನ್ನು ನಾನು ಮೊದಲು ಮಾಡಿರಲಿಲ್ಲ, ಆಮೇಲೆ ಮಾಡಲು ನನಗೆ ಅವಕಾಶವೂ ಸಿಗಲಿಲ್ಲ. ಅದರ ಬಗ್ಗೆ ನನಗೆ ಇವತ್ತಿಗೂ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಹರಳು ನಿಜಕ್ಕೂ ಬೆಂಕಿಯ ಕಿಡಿಯ ಹಾಗಿತ್ತು. ಅಕ್ಕಸಾಲಿ ಹೊಸ ಕಟ್ಟು ಕಟ್ಟಿಕೊಟ್ಟ ಮೇಲೆ ಅಕ್ಕ ಮೂಗಿನ ಕಡ್ಡಿ ಕಿತ್ತೆಸೆದು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಆ ಕಡೆ ಈ ಕಡೆ ಮುಖ ತಿರುಗಿಸಿ ನಕ್ಕಳು. ಗೋಡೆ ನೋಡುತ್ತಿದ್ದ ಅಮ್ಮನೂ ಎದ್ದು ಬಂದು ದೃಷ್ಟಿ ತೆಗೆದಳು.

ಒಳ್ಳೆಯ ದಿನ ನೋಡಿ ಅಮ್ಮ ಅಕ್ಕನನ್ನು ಬಿಟ್ಟು ಬರಲು ಹೋದಳು. ನಾನು ಕೆಲಸಕ್ಕೆ ಹೋಗಿದ್ದೆ. ಸಂಜೆ ಜಡೆ ಬಿಚ್ಚಿಸಿಕೊಂಡು, ಉಗುರು ತೋರಿಸಿ, ಮನೆಗೆ ಬಂದರೆ ನಡುಮನೆಯಲ್ಲಿ ಅಕ್ಕ ಕೂತಿದ್ದಳು. ಮೂಗಿನಲ್ಲಿ ಮತ್ತೆ ಕಡ್ಡಿ.

ನಡೆದದ್ದನ್ನು ಅಮ್ಮ ಹೇಳಿದಳು. ಅಕ್ಕನ ಅತ್ತೆ ಮೂಗುಬಟ್ಟನ್ನು ಬಿಚ್ಚಿಸಿ ಅಂಗೈ ಮೇಲಿಟ್ಟು ನೋಡಿ, "ಇದು ನೀವು ಕೊಟ್ಟಿದ್ದಲ್ಲ, ಬೀಗಿತ್ತಿ" ಎಂದರಂತೆ. ಸಾಣೆ ಹಿಡಿದದ್ದಕ್ಕೆ ಚಿಕ್ಕದಾಗಿದೆ ಎಂದು ಅಮ್ಮ ಅಂದಿದ್ದಾಳೆ. "ಕಳ್ಳನಿಗೊಂದು ಪಿಳ್ಳೆ ನೆವ. ವಜ್ರ ಸವೆಯುತ್ತೆ ಅಂತ ನಿಮ್ಮ ಚಿಕ್ಕ ಮಗಳು ಮೊದ್ಲೇ ಬಂದು ಪೀಠಿಕೆ ಹಾಕಿ ಹೋಗಿದ್ಲು. ಆಗ ನನಗೆ ಹೊಳೀಲಿಲ್ಲ ನೋಡಿ. ದೊಡ್ಡದನ್ನ ಇಟ್ಕೊಂಡು ಫ್ಯಾಕ್ಟ್ರಿಯ ಚೂರೊಂದನ್ನ ಕಟ್ಟಿಸಿ ಕಳಿಸಿದಾಳೆ. ಹಳೇದು ತಂದ್ರೆ ನಿಮ್ಮ ಮಗಳು ಒಳಗೆ ಬರ್ಲಿ" ಎಂದರಂತೆ.

ನಾನು ಎಚ್ಚರಿಕೆ ಕೊಡಲು ಆಡಿದ ಮಾತೇ ನನ್ನ ಕಳ್ಳತನಕ್ಕೆ ಸಾಕ್ಷಿಯಾಗಿತ್ತು. ಮೇಸ್ತ್ರಿ ತಾವೇ ಬಂದು ಹೇಳುತ್ತೇನೆಂದರು, ಅಪ್ಪನ ಜೊತೆ ಹೋಗಿ ಹೇಳಿಯೂ ಹೇಳಿದರು. ಅವಳ ಫ್ಯಾಕ್ಟ್ರಿಯವರು ಅವಳ ಪರ ಹೇಳದೆ ನಮ್ಮ ಪರ ಹೇಳ್ತಾರಾ ಎಂದು ಆ ಮನೆಯವರು ಕಳಿಸಿಬಿಟ್ಟರು. ಹಾಗಂದಿದ್ದರಲ್ಲಿ ತಪ್ಪೇನಿದೆ? ನಾನೂ ಅವರ ಜಾಗದಲ್ಲಿದ್ದರೆ ಅದನ್ನೇ ಅನ್ನುತ್ತಿದ್ದೆನೇನೋ. ಸವೆದ ವಜ್ರವನ್ನು ಯಾರಿಗೆ ತೋರಿಸುವುದು?

ದಿನ ಕಳೆದವು. ಅಕ್ಕ ಮನೆಯ ಕೆಲಸವನ್ನೆಲ್ಲ ಮಾಡಿಕೊಂಡು, ಭಾವ ಬರುತ್ತಾನೇನೋ ಎಂದು ಗೇಟಿನ ಸದ್ದಾದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದಳು. ಭಾವ ಬರಲಿಲ್ಲ. ಒಂದು ಭಾನುವಾರ ನಾನು ಒಲೆಯ ಮುಂದಿದ್ದಾಗ ಪಕ್ಕಕ್ಕೆ ಬಂದು ನಿಂತಳು.

"ಬದಲಾಯಿಸ್ದೆ ಅಂತ ಒಪ್ಕೊಂಡ್ಬಿಡೇ."

"ಏನಂದೆ?"

"ಸುಮ್ನೆ ಬಾಯ್ಮಾತಿಗೆ ಕಣೇ. ತಪ್ಪಾಯ್ತು ಅಂತ ಕಾಲಿಗೆ ಬಿದ್ರೆ ಅತ್ತೆ ಕರಗ್ತಾರೆ. ಅವ್ರಿಗೆ ತಾವು ಹೇಳಿದ್ದೇ ನಿಜ ಆಗ್ಬೇಕು, ಅಷ್ಟೇ. ನನಗೋಸ್ಕರ."

ಮಾಡದ ಕಳ್ಳತನವನ್ನು ಮಾಡಿದೆ ಎನ್ನುವುದು ಎಷ್ಟು ಕಷ್ಟ ಎಂದು ಯಾರಿಗೆ ಹೇಳಲಿ? ದಿನಾ ಸಂಜೆ ಗೇಟಿನಲ್ಲಿ ಏನೂ ಸಿಗದವಳು ನಾನು. ಆದರೂ ಹೋದೆ. ಅವಳ ಮುಖ ನೋಡಲಾಗುತ್ತಿರಲಿಲ್ಲ. ಅವಳ ಉಪಾಯದಲ್ಲಿ ಒಂದು ಅರ್ಥವೂ ನನಗೆ ಕಂಡಿತ್ತು, ನಾನು ಕಳ್ಳಿಯಾದರೆ ಅವಳು ಹೆಂಡತಿಯಾಗಿ ಉಳಿಯುತ್ತಾಳಲ್ಲ ಎಂದು. ಅಮ್ಮನಿಗೆ ಹೇಳದೆ ಇಬ್ಬರೂ ಬಸವೇಶ್ವರನಗರಕ್ಕೆ ನಡೆದು ಹೋದೆವು. ಭಾವ ವರಾಂಡದಲ್ಲಿ ಪೇಪರು ಓದುತ್ತಿದ್ದ. ಅವನ ತಾಯಿ ಒಳಗಿನಿಂದ ಬಂದರು. ನಾನು ಅವರ ಕಾಲು ಮುಟ್ಟಿ, ಹರಳು ಬದಲಾಯಿಸಿದ್ದು ನಾನೇ, ತಪ್ಪಾಯಿತು, ಇದರಲ್ಲಿ ಅಕ್ಕನದೇನೂ ಇಲ್ಲ ಎಂದೆ.

ಅವರು ಬೈಯಲಿಲ್ಲ. ನನ್ನ ತಲೆ ಸವರಿದರು. ಆ ಕೈಯ ಬಿಸಿ ನನಗೆ ಇನ್ನೂ ನೆನಪಿದೆ.

"ಹೋಗ್ಲಿ ಬಿಡು, ಒಪ್ಕೊಂಡ್ಯಲ್ಲ. ಎಳೇ ವಯಸ್ಸು, ಆಸೆ ಆಗುತ್ತೆ. ಸರಿ, ಹಳೇದು ತಾ."

ಅಷ್ಟು ದೂರ ನಾವು ಯೋಚನೆಯನ್ನೇ ಮಾಡಿರಲಿಲ್ಲ. ಕದ್ದವಳು ಒಪ್ಪಿಕೊಂಡ ಮೇಲೆ ಕದ್ದ ಮಾಲು ವಾಪಸು ಕೊಡಬೇಕು, ಲೋಕದ ನಿಯಮ ಅದು. ನಾನು ಅಕ್ಕನ ಕಡೆ ನೋಡಿದೆ. ಕೊನೆಗೆ "ಮಾರ್ಬಿಟ್ಟೆ" ಎಂದೆ. ಯಾರಿಗೆ ಎಂದರು. ಗೊತ್ತಿಲ್ಲ ಎಂದೆ. ಅವರ ಮುಖ ಕಲ್ಲಾಯಿತು. "ಹಾಗಿದ್ರೆ ಯಾವ ಬಾಯಲ್ಲಿ ಬಂದ್ಯಮ್ಮಾ? ಕಳ್ಳರ ಮನೆ ಹೆಣ್ಣು ನಮಗೆ ಬೇಡ. ಕರ್ಕೊಂಡು ಹೋಗು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಭಾವ ಪೇಪರಿನ ಪುಟ ಮಗುಚಿದ.

ಬಿಸಿಲಿನಲ್ಲಿ ವಾಪಸು ನಡೆದು ಬಂದೆವು. ಅಕ್ಕ ಒಂದು ಹೆಜ್ಜೆ ಹಿಂದೆಯೇ ಇದ್ದಳು. ಇಂಡಸ್ಟ್ರಿಯಲ್ ಎಸ್ಟೇಟಿನ ಕಾಂಪೌಂಡ್ ಗೋಡೆಯ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು.

"ಯಾರಿಗೇ ಮಾರಿದ್ದು?"

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಾನು ನಗಲು ಹೋದೆ. ತಿರುಗಿ ಅವಳ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಹುಣಿಸೆ ಬೀಜ ನುಂಗಿದವಳ ಅದೇ ಮುಖ. ಬಾಯಿಮಾತಿಗೆ ಒಪ್ಪಿಕೋ ಎಂದು ಅವಳೇ ಹೇಳಿಕೊಟ್ಟಿದ್ದಳು. ಆದರೆ ಕಾಲಿಗೆ ಬಿದ್ದು ನಾನು ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು, ಕಿವಿಗೆ ಬಿದ್ದದ್ದನ್ನು ಅವಳು ನಂಬಿದ್ದಳು. ರಸ್ತೆಯಲ್ಲೇ ನಿಂತು ಕೂಗಾಡಿದೆ, ಆಣೆ ಇಟ್ಟೆ, ಅವಳ ಭುಜ ಹಿಡಿದು ಅಲ್ಲಾಡಿಸಿದೆ. "ಆಯ್ತು ಕಣೇ, ಆಯ್ತು, ಎಲ್ಲರೂ ನೋಡ್ತಿದಾರೆ" ಎಂದಳು.

ಮುಂದಿನದು ಬೇಗ ಮುಗಿಯಿತು. ನಾನು ಒಪ್ಪಿಕೊಂಡ ಸುದ್ದಿ ಮಾಲೀಕರ ಕಿವಿಗೂ ಹೋಯಿತು. ಮೇಸ್ತ್ರಿ ನನ್ನ ಪರ ಜಗಳವಾಡಿದರು. ಬಾಯಿಬಿಟ್ಟು ಕದ್ದೆ ಎಂದವಳನ್ನು ಕಲ್ಲಿನ ಕೆಲಸದಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದರು ಮಾಲೀಕರು. ಕೊನೆಯ ಸಂಜೆಯೂ ನನ್ನ ಜಡೆ ಬಿಚ್ಚಿಸಿದರು. ಏನೂ ಸಿಗಲಿಲ್ಲ. ಭಾವನಿಗೆ ಬೇರೆ ಮದುವೆಯಾಯಿತೆಂದು ಯಾರೋ ಬಂದು ಹೇಳಿದರು. ನಾನು ಆಮೇಲೆ ಅಗರಬತ್ತಿ ಪ್ಯಾಕ್ ಮಾಡುವ ಕಡೆ ಸೇರಿದೆ. ಅಲ್ಲಿ ಯಾರೂ ತಪಾಸಣೆ ಮಾಡುತ್ತಿರಲಿಲ್ಲ.

ಆ ಚಿಕ್ಕ ಮೂಗುಬಟ್ಟನ್ನು ಅಮ್ಮ ಕುಂಕುಮದ ಭರಣಿಯಲ್ಲಿ ಹಾಕಿಟ್ಟಳು. ಅಕ್ಕ ಅದನ್ನು ಮತ್ತೆ ಮುಟ್ಟಲಿಲ್ಲ. ಅವಳು ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ನಾನು ಹೇಗೋ ಸಹಿಸುತ್ತಿದ್ದೆ. ಕೋಪವೇ ಇರಲಿಲ್ಲ. ನನ್ನ ತಟ್ಟೆಗೆ ಮೊದಲು ಬಡಿಸುತ್ತಿದ್ದಳು, ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಸ್ನಾನವಾದ ಮೇಲೆ ಮಾತ್ರ ತಪ್ಪದೆ ಪೊರಕೆಯಿಂದ ಹೊಸ ಕಡ್ಡಿಯೊಂದನ್ನು ಮುರಿದು, ತುದಿ ನುಣುಪಾಗುವಂತೆ ಕಲ್ಲಿಗೆ ಉಜ್ಜಿ, ಮೂಗಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಇನ್ನೂ ಯಾಕಕ್ಕ ಆ ಕಡ್ಡಿ, ತೂತು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ ಬಿಡು ಎಂದೆ.

ಅವಳು ನನ್ನ ಕೆನ್ನೆ ತಟ್ಟಿ, ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು.

"ನೀನು ಯಾವತ್ತು ತಂದ್ಕೊಟ್ರೂ ಹಾಕ್ಕೋಬೇಕಲ್ಲ ಕಣೇ."